ಕೋಳಿ ತೂಗೋ ಮುಂಚೆ ಒಂದು ಮಾತು

ಮೊಮ್ಮಗ ಜಿಮ್‌ಗೆ ಸೇರಿದ ಮೇಲೆ ನಮ್ಮ ಅಡುಗೆಮನೆಗೆ ಪುಟ್ಟದೊಂದು ತೂಕದ ಯಂತ್ರ ಬಂತು. ಒಂದಿನ ಮುಖ ಸಿಂಡರಿಸಿಕೊಂಡು ಬಂದ. "ಅಜ್ಜಿ, ಒಂದು ಕಡೆ 100 ಗ್ರಾಂ ಕೋಳಿಗೆ 22 ಗ್ರಾಂ ಪ್ರೋಟೀನ್ ಅಂತಾರೆ, ಇನ್ನೊಂದು ಕಡೆ 31 ಅಂತಾರೆ. ಯಾವುದು ಸುಳ್ಳು?"

ಎರಡೂ ನಿಜ ಕಣೋ ಅಂದೆ. ಒಂದು ಹಸಿ ಮಾಂಸದ ಲೆಕ್ಕ, ಇನ್ನೊಂದು ಬೆಂದದ್ದು. ನಂಬಲಿಲ್ಲ. ಸರಿ, ಮೂಳೆ, ಚರ್ಮ ಇಲ್ಲದ ಎದೆ ತುಂಡು ತೂಗಿಸಿದೆ, ಸರಿಯಾಗಿ 200 ಗ್ರಾಂ. ಬಾಣಲೆಯಲ್ಲಿ ಬೇಯಿಸಿ ಮತ್ತೆ ತೂಗಿದರೆ 147! ಹೋದದ್ದು ಬಹುಪಾಲು ನೀರು. ಮೊದಲು ಇದ್ದ 45 ಗ್ರಾಂ ಪ್ರೋಟೀನ್ ಹೆಚ್ಚುಕಡಿಮೆ ಹಾಗೇ ಇದೆ, ತುಂಡು ಮಾತ್ರ ಚಿಕ್ಕದಾಯ್ತು. ಹಾಗಾಗಿ ಹಸಿಯಾಗಿ ತೂಗಿದರೆ ಹಸಿಯ ಅಂಕಿ ಹಿಡಿಯಿರಿ, ಬೆಂದ ಮೇಲೆ ತೂಗಿದರೆ ಬೆಂದದ್ದರ ಅಂಕಿ. ಇವೆರಡನ್ನೂ ಬೆರೆಸಿಯೇ ಎಷ್ಟೋ ಜನ ಎಡವುವುದು.

ತೊಡೆ ಮಾಂಸದಲ್ಲಿ ಸ್ವಲ್ಪ ಕಡಿಮೆ, ಹಸಿಯಲ್ಲಿ 19-20 ಗ್ರಾಂ. ಕೋಳಿ ದಿನವಿಡೀ ನಿಂತು ಓಡಾಡುವುದು ಕಾಲಿನ ಮೇಲೆ ಅಲ್ವಾ? ದುಡಿಯುವ ಸ್ನಾಯುವಿಗೆ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಜಾಸ್ತಿ ಬೇಕು, ಅದಕ್ಕೇ ಆ ಕೆಂಪು. ಕೊಬ್ಬೂ ಅಲ್ಲೇ ಜಾಸ್ತಿ. ಅಷ್ಟಕ್ಕೇ ತೊಡೆ ಕೀಳಲ್ಲ. ಎದೆಗಿಂತ ಕಬ್ಬಿಣ, ಸತು ಎರಡೂ ಅದರಲ್ಲಿ ಹೆಚ್ಚು. ರುಚಿಯ ಮಾತು ಬಂದರೆ ನನ್ನ ಓಟು ಯಾವತ್ತೂ ತೊಡೆಗೇ. ಎದೆ ಒಂದು ನಿಮಿಷ ಹೆಚ್ಚು ಬೆಂದರೂ ನಾರು ನಾರು.

ಮೂಳೆ ಮರೀಬೇಡಿ. ಕಾಲಿನ ತುಂಡು ಹಾಗೇ ತೂಗಿದರೆ ಮೂರರಲ್ಲೊಂದು ಪಾಲು ಮೂಳೆಯೇ ಇರಬಹುದು. ತಿಂದ ಮೇಲೆ ಉಳಿದ ಮೂಳೆ ತೂಗಿ ಕಳೆಯಿರಿ, ಸುಲಭ. ಚರ್ಮವೋ, ಅದರಲ್ಲಿ ಪ್ರೋಟೀನ್‌ಗಿಂತ ಎರಡು ಪಟ್ಟು ಮೀರಿ ಕೊಬ್ಬು.

ಬೇರೆ ಮಾಂಸಕ್ಕೆ ಬಂದರೆ, ಪ್ರಾಣಿ ಯಾವುದು ಅನ್ನುವುದಕ್ಕಿಂತ ಕೊಬ್ಬು ಎಷ್ಟಿದೆ ಅಂತ ನೋಡಿ. ಕೊಬ್ಬು ತೆಗೆದ ಕುರಿ, ಮೇಕೆ, ಹಂದಿ, ದನ, ಎಲ್ಲದರಲ್ಲೂ ಹಸಿಯಲ್ಲಿ 20ರ ಆಸುಪಾಸೇ. ಅದೇ ಹಂದಿಯ ಹೊಟ್ಟೆ ಭಾಗ ನೋಡಿ, ಬಿಳಿ ಪದರವೇ ಜಾಸ್ತಿ, 9 ಗ್ರಾಂಗೆ ಇಳಿಯುತ್ತದೆ. ಮೀನು ಸುಮಾರಾಗಿ 18-20, ಕೋಳಿಯ ಈಲಿ 17. ಸಾಸೇಜ್‌ನಲ್ಲಿ ಕೊಬ್ಬು, ಹಿಟ್ಟು ಸೇರಿರುತ್ತೆ, ಪ್ಯಾಕೆಟ್ ತಿರುಗಿಸಿ ಓದಿ. ಕೆಲವು ಪ್ಯಾಕೆಟ್ ಕೋಳಿಗೆ ಉಪ್ಪುನೀರು ಚುಚ್ಚಿರುತ್ತಾರೆ, ಆ ನೀರಿಗೂ ನೀವೇ ದುಡ್ಡು ಕೊಟ್ಟಿರುತ್ತೀರಿ. ಬಾಣಲೆಗೆ ಹಾಕಿದ ತಕ್ಷಣ ತುಂಡು ಹುರಿಯದೆ ನೀರಲ್ಲಿ ಮುಳುಗಿದರೆ ಅದರ ಮೇಲೂ ಅನುಮಾನ ಪಡಿ.

ಇನ್ನು ಮೂಳೆ ಸೂಪ್. ಆರಿದ ಮೇಲೆ ಗಟ್ಟಿಯಾಗಿ ಅಲುಗಾಡುತ್ತಲ್ಲ, ಅದು ಜೆಲಾಟಿನ್. ಪ್ರೋಟೀನೇ, ಆದರೆ ಟ್ರಿಪ್ಟೊಫಾನ್ ಅನ್ನೋ ಅಗತ್ಯದ ಅಂಶ ಅದರಲ್ಲಿಲ್ಲ. ಮೊಮ್ಮಗ ಬರೀ ಸೂಪ್ ಕುಡಿದು ತುಂಡುಗಳನ್ನು ಪಕ್ಕಕ್ಕೆ ತಳ್ಳುತ್ತಿದ್ದ. ಈಗ ತುಂಡು ಮೊದಲು, ಸೂಪ್ ಆಮೇಲೆ.