ಶಾಲೆಯ ದಾರಿಯನ್ನು ಮಗುವಿನ ಎತ್ತರದಿಂದ ನೋಡಿ

5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿಗೆ ಜ್ವರ ಬಂದರೆ ರಾತ್ರಿಯಿಡೀ ಹಣೆ ಮುಟ್ಟಿ ನೋಡುವ ನಾವು, ಅದು ದಿನಕ್ಕೆ ಎರಡು ಬಾರಿ ದಾಟುವ ರಸ್ತೆಯನ್ನು ಒಮ್ಮೆಯೂ ಸರಿಯಾಗಿ ನೋಡಿರುವುದಿಲ್ಲ.

ಶಾಲೆ ಇರುವ ದಿನವೇ, ಶಾಲೆಯ ಹೊತ್ತಿಗೇ ಮಗುವಿನೊಂದಿಗೆ ಆ ದಾರಿಯನ್ನು ನಡೆಯಿರಿ. ವಿಜಯಪುರದ ಗಾಂಧಿ ಚೌಕದ ಬಳಿ ನಿಂತಿದ್ದ ಟಂಟಂ (ಮೂರು ಚಕ್ರದ ಬಾಡಿಗೆ ವಾಹನ) ಒಂದರ ಹಿಂದೆ ನಾನು ಮೊಣಕಾಲೂರಿ, ಏಳು ವರ್ಷದ ಮಗುವಿನ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರಕ್ಕೆ ತಲೆ ತಗ್ಗಿಸಿ ನೋಡಿದೆ. ಕೆಸರು ಮೆತ್ತಿದ ತಗಡು ಮತ್ತು ಹಾದುಹೋಗುವ ಬೈಕುಗಳ ಟಯರುಗಳಷ್ಟೇ ಕಂಡವು. ಬರುತ್ತಿದ್ದ ಬಸ್ಸಿನ ಸದ್ದು ಕೇಳಿತೇ ಹೊರತು ಬಸ್ಸು ಕಾಣಲಿಲ್ಲ. ಅದರ ಚಾಲಕನಿಗೂ ಅಲ್ಲಿರುವ ಮಗು ಕಾಣುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದ ವಾಹನವು ಚಾಲಕ ಬ್ರೇಕಿನ ಮೇಲೆ ಕಾಲಿಡುವ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ. ಆದ್ದರಿಂದ ಎರಡೂ ಕಡೆ ರಸ್ತೆ ತೆರೆದು ಕಾಣುವ ಜಾಗವನ್ನು, ಅದಕ್ಕಾಗಿ ಐವತ್ತು ಹೆಜ್ಜೆ ಹೆಚ್ಚು ನಡೆಯಬೇಕಾದರೂ, ನೀವೇ ಗೊತ್ತುಮಾಡಿ ಪ್ರತಿದಿನ ಅಲ್ಲಿಯೇ ದಾಟಿಸಿ. ಸಣ್ಣ ಮಕ್ಕಳಿಗೆ ವಾಹನದ ದೂರವೂ ವೇಗವೂ ಸರಿಯಾಗಿ ಅಂದಾಜಾಗುವುದಿಲ್ಲ. ಅದು ವಯಸ್ಸಿನ ಗುಣ. ‘ನೋಡಿಕೊಂಡು ಹೋಗು’ ಎಂದರೆ ಸಾಲದು, ಕೈ ಹಿಡಿಯಬೇಕು.

ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು ಎಚ್ಚರ ಬೇಕು. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ತಿರುವಿನಲ್ಲಿ ಹೊರಳುವಾಗ ಹಿಂದಿನ ಚಕ್ರಗಳು ಒಳಬದಿಗೆ ಸರಿದು ರಸ್ತೆಯ ಅಂಚಿಗೇ ಬರುತ್ತವೆ. ಓಡುವ ಟ್ರೇಲರಿನಿಂದ ಕಬ್ಬು ಎಳೆಯುವುದು ಮಕ್ಕಳಿಗೆ ಆಟವಾಗಿರುವುದರಿಂದ, ಮನೆಯಲ್ಲೇ ಕಬ್ಬು ತಂದುಕೊಟ್ಟು ಆ ಆಟವನ್ನು ಕಡ್ಡಾಯವಾಗಿ ಬಿಡಿಸಿ.

ಬೈಕಿನ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಬೇಡಿ. ನಾಲ್ಕು ವರ್ಷ ದಾಟಿದವರಿಗೆ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಜೊತೆಗೆ ಸವಾರನಿಗೆ ಬಿಗಿಯುವ ಸುರಕ್ಷತಾ ಪಟ್ಟಿಯೂ ಬೇಕು, ವೇಗ 40 ಕಿ.ಮೀ. ಮೀರಬಾರದು. ಅಪ್ಪನ ಹೆಲ್ಮೆಟ್ ಮಗುವಿಗಾಗದು. ಐಎಸ್‌ಐ ಗುರುತಿನ, ಮಗುವಿನ ಅಳತೆಯದನ್ನೇ ಕೊಂಡು, ಪಟ್ಟಿ ಬಿಗಿದು, ತಲೆ ಅಲ್ಲಾಡಿಸಲು ಹೇಳಿ. ಹೆಲ್ಮೆಟ್ ಜಾರಿದರೆ ಅದು ದೊಡ್ಡದಾಯಿತು.

ಹದಿನೈದರ ಮಗ ಟ್ಯೂಷನ್ನಿಗೆ ಸ್ಕೂಟರ್ ಕೇಳಿದಾಗ ಬೇಡವೆನ್ನುವುದು ಕಷ್ಟ, ಆದರೂ ಕೀಲಿ ಕೊಡಬೇಡಿ. 50 ಸಿಸಿ ಮೀರಿದ ಸ್ಕೂಟರ್, ಬೈಕಿನ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರ ಅಪರಾಧಕ್ಕೆ ಪೋಷಕರು ಅಥವಾ ವಾಹನದ ಮಾಲೀಕರು ಹೊಣೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಮತ್ತು ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ದಂಡಕ್ಕಿಂತ ಮಗನ ತಲೆ ದೊಡ್ಡದೆಂದು ನಾನು ಬಲ್ಲೆ; ಆದರೆ ಮನೆಯ ಹಿರಿಯರನ್ನು ಒಪ್ಪಿಸಲು ಈ ಕಲಮು ನೆರವಾಗುತ್ತದೆ.

ಅಪಘಾತವಾದರೆ ಬಿದ್ದವರನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆ ಒತ್ತಿಹಿಡಿದು 108ಕ್ಕೆ ಕರೆ ಮಾಡಿ. ಕೇಸಿಗೆ ಹೆದರಿ ದೂರ ನಿಲ್ಲಬೇಡಿ. ಸದ್ಭಾವನೆಯಿಂದ ನೆರವಾದವರಿಗೆ ಅದೇ ಕಾಯ್ದೆಯ 134ಎ ಕಲಮಿನ ರಕ್ಷಣೆಯಿದೆ, ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.