ಮೆಣಸಿನಕಾಯಿ ರೋಗದ ಶಿಲೀಂಧ್ರಕ್ಕೆ ಸರಿಯಾದ ಹೆಸರು: ನನ್ನ ಅನುಭವ

ರಾಯಚೂರಿನ ಲ್ಯಾಬಿನಲ್ಲಿ ನಾನು ಮೆಣಸಿನಕಾಯಿಯ ಹಣ್ಣು ಕೊಳೆ ರೋಗದ ಮೇಲೆ ಕೆಲಸ ಮಾಡುತ್ತೇನೆ. ದೇವದುರ್ಗ, ಮಾನ್ವಿ, ಸಿರುಗುಪ್ಪ ಕಡೆಯ ಹೊಲಗಳಿಂದ ರೋಗ ಬಿದ್ದ ಕಾಯಿ ತರುತ್ತೇವೆ. ಶಿಲೀಂಧ್ರ ಬೆಳೆಸಿ, ಡಿಎನ್‌ಎ ತೆಗೆದು, ಶಿಲೀಂಧ್ರಗಳನ್ನು ಗುರುತಿಸಲು ಬಳಸುವ ಐಟಿಎಸ್ ಎಂಬ ಭಾಗವನ್ನು ಓದಿಸಿ, ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡೇಟಾಬೇಸ್‌ನಲ್ಲಿರುವ ಸೀಕ್ವೆನ್ಸ್‌ಗಳ (ಡಿಎನ್‌ಎ ಅಕ್ಷರಗಳ ಸಾಲುಗಳ) ಜೊತೆ ಹೋಲಿಸುತ್ತೇವೆ. ಇಷ್ಟನ್ನು ಎಲ್ಲ ಲ್ಯಾಬಿನವರೂ ಮಾಡುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಇದಾದ ಮೇಲೆ.

ನಮ್ಮ ಒಂದು ಮಾದರಿಗೆ, ಹೋಲುವ ದಾಖಲೆಗಳ ಪಟ್ಟಿಯ ಮೇಲಿನ ಸಾಲುಗಳಲ್ಲೇ ಮೂರು ಹೆಸರು ಬಂದವು: ಕೊಲೆಟೊಟ್ರೈಕಮ್ ಟ್ರಂಕೇಟಮ್, ಕೊಲೆಟೊಟ್ರೈಕಮ್ ಕ್ಯಾಪ್ಸಿಸಿ, ಕೊಲೆಟೊಟ್ರೈಕಮ್ ಗ್ಲಿಯೋಸ್ಪೋರಿಯಾಯ್ಡಿಸ್. ಮೊದಲಿನ ಎರಡು ಒಂದೇ ಜಾತಿ ಎಂದು 2009ರ ಅಧ್ಯಯನ ತೋರಿಸಿದೆ, ಕ್ಯಾಪ್ಸಿಸಿ ಈಗ ಹಳೆಯ ಹೆಸರು. ಮೂರನೆಯದು ಬೇರೆಯೇ ಜಾತಿ, ಅದರ ಬೀಜಕಣ ನೇರವಾಗಿರುತ್ತದೆ. ನಮ್ಮ ಪ್ಲೇಟಿನಿಂದ ಚೂರು ತೆಗೆದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ಕುಡುಗೋಲಿನ ಹಾಗೆ ಬಾಗಿದ ಕಣಗಳು, ನಡುನಡುವೆ ಕಪ್ಪು ಮುಳ್ಳುಕೂದಲು. ಟ್ರಂಕೇಟಮ್ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಅಂದರೆ ಆ ಮೂರನೇ ದಾಖಲೆಯ ಹೆಸರೇ ತಪ್ಪು, ಅಲ್ವಾ?

ಜೆನ್‌ಬ್ಯಾಂಕ್‌ನಲ್ಲಿ ಸೀಕ್ವೆನ್ಸ್ ಕೊಟ್ಟವರು ಮಾತ್ರ ತಮ್ಮ ದಾಖಲೆ ತಿದ್ದಬಹುದು. ಅಮೆರಿಕದ ಜೆನ್‌ಬ್ಯಾಂಕ್, ಯುರೋಪಿನ ಇಎನ್‌ಎ, ಜಪಾನಿನ ಡಿಡಿಬಿಜೆ, ಈ ಮೂರೂ ಡೇಟಾಬೇಸ್‌ಗಳು ಪ್ರತಿದಿನ ಮಾಹಿತಿ ಹಂಚಿಕೊಳ್ಳುತ್ತವೆ. ಹಾಗಾಗಿ ಒಂದು ಕಡೆ ಸೇರಿದ ತಪ್ಪು ಹೆಸರು ಮೂರೂ ಕಡೆ ಇರುತ್ತದೆ. ಶಿಲೀಂಧ್ರಗಳ ಐಟಿಎಸ್ ದಾಖಲೆಗಳಲ್ಲಿ ಸುಮಾರು ಶೇ. 20ರಷ್ಟಕ್ಕೆ ಜಾತಿಯ ಹೆಸರು ತಪ್ಪಿರಬಹುದು ಎಂದು 2006ರಲ್ಲೇ ಒಂದು ಅಧ್ಯಯನ ಎಚ್ಚರಿಸಿತ್ತು.

ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ನಮ್ಮ ಭಾಗದ ಮೆಣಸಿನಕಾಯಿಯಿಂದ ಬಂದ ದಾಖಲೆಗಳನ್ನೆಲ್ಲ ಹುಡುಕಿ, ಅನುಮಾನ ಬಂದವುಗಳ ಸಂಶೋಧಕರಿಗೆ ಪತ್ರ ಬರೆದೆವು. "ತಪ್ಪು ಮಾಡಿದ್ದೀರಿ" ಎಂದು ಎಲ್ಲೂ ಬರೆಯಲಿಲ್ಲ. ನಮ್ಮ ಬೀಜಕಣದ ಫೋಟೊ, ಜಾತಿಯ ಹೆಸರಿಗೆ ಆಧಾರವಾದ ಮೂಲ ಮಾದರಿಯ ಸೀಕ್ವೆನ್ಸ್ ಜೊತೆ ಹೋಲಿಕೆ, ಎರಡನ್ನೂ ಕಳಿಸಿ "ಒಮ್ಮೆ ನೋಡ್ತೀರಾ ಸರ್" ಎಂದು ಕೇಳಿದೆವು. ಕೆಲವರು ಖುಷಿಯಿಂದ ತಿದ್ದಿಸಿದರು. ಕೆಲವು ವಿಳಾಸಗಳು ಆಗಲೇ ಬಂದ್ ಆಗಿದ್ದವು. ಓದು ಮುಗಿಸಿ ಹೋದ ವಿದ್ಯಾರ್ಥಿಯ ಇಮೇಲ್ ಎಷ್ಟು ವರ್ಷ ಇದ್ದೀತು?

ಅಂಥವಕ್ಕೆ ಯುನೈಟ್ ಉಪಯೋಗಕ್ಕೆ ಬಂತು. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಿಂದ ನಡೆಯುವ ಶಿಲೀಂಧ್ರಗಳ ಡೇಟಾಬೇಸ್ ಅದು. ನೋಂದಾಯಿಸಿಕೊಂಡ ಸಂಶೋಧಕರು ಬೇರೆಯವರ ಸೀಕ್ವೆನ್ಸ್‌ಗೂ ಸರಿಯಾದ ಹೆಸರು, ಬೆಳೆ, ಊರು ಸೇರಿಸಬಹುದು. ಯಾವ ದೇಶದವರು ಕೊಟ್ಟರೋ, ಯಾವ ದೇಶದವರು ತಿದ್ದಿದರೋ, ದಾಖಲೆ ಎಲ್ಲರದ್ದು. ನನಗೆ ತುಂಬಾ ಹಿಡಿಸಿದ ವ್ಯವಸ್ಥೆ ಇದು.

ನಮ್ಮ ಲ್ಯಾಬಿಗೂ ಕಟ್ಟುನಿಟ್ಟು ಹಾಕಿಕೊಂಡೆವು. ಸೀಕ್ವೆನ್ಸ್ ಬಂದ ತಕ್ಷಣ ಗ್ರಾಫ್ ತೆರೆಯಬೇಕು. ಡಿಎನ್‌ಎಯ ನಾಲ್ಕು ಅಕ್ಷರಗಳಿಗೆ ಒಂದೊಂದರಂತೆ ಇರುವ ನಾಲ್ಕು ಬಣ್ಣದ ಗೆರೆಗಳು ಶುರುವಿನಲ್ಲಿ ಮತ್ತು ಕೊನೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಆ ತುದಿಗಳನ್ನು ಕತ್ತರಿಸಲೇಬೇಕು. ಮಧ್ಯದಲ್ಲಿ ಒಂದೇ ಜಾಗಕ್ಕೆ ಎರಡು ಬಣ್ಣ ಎದ್ದಿದ್ದರೆ ಮತ್ತೆ ಓದಿಸಬೇಕು, ಅಂದಾಜಿನ ಮೇಲೆ ಅಕ್ಷರ ತುಂಬುವಂತಿಲ್ಲ. ಬೆಳೆ, ತಾಲ್ಲೂಕು, ತಂದ ದಿನಾಂಕ ಇಲ್ಲದೆ ಯಾವುದನ್ನೂ ಜಮಾ ಮಾಡುವುದಿಲ್ಲ. ಶಿಲೀಂಧ್ರದ ಒಂದು ಜೀವಂತ ಪ್ರತಿಯನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಸಂಗ್ರಹಕ್ಕೆ ಕಳಿಸುತ್ತೇವೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ತರಿಸಿ ನೋಡಬಹುದಲ್ಲ.

ದೇವದುರ್ಗದ ರೈತರೊಬ್ಬರು ಕೇಳಿದ್ದರು, "ಹೆಸರು ತಗೊಂಡು ನಾವೇನ್ ಮಾಡೋದ್ರಿ ಸರ?" ನ್ಯಾಯವಾದ ಪ್ರಶ್ನೆ. ಜಾತಿ ಬೇರೆಯಾದರೆ ಅದೇ ಔಷಧಿ ಅಷ್ಟೇ ಕೆಲಸ ಮಾಡುತ್ತದೆ ಎಂದು ಹೇಳಲಾಗದು ಎಂದೆ. ಅವರು ತಮ್ಮ ಹೊಲದ ಇನ್ನೊಂದು ಮೂಲೆಗೆ ಕರೆದೊಯ್ದು ಬೇರೆ ಥರದ ಮಚ್ಚೆ ಇರುವ ಕಾಯಿ ತೋರಿಸಿದರು.

ಆ ಕಾಯಿಯ ಶಿಲೀಂಧ್ರಕ್ಕೆ ಐಟಿಎಸ್ ಒಂದೇ ಸಾಲಲಿಲ್ಲ. ಈ ಗುಂಪಿನಲ್ಲಿ ಹತ್ತಿರದ ಜಾತಿಗಳನ್ನು ಅದು ಬೇರ್ಪಡಿಸುವುದಿಲ್ಲ. ಈಗ ಆಕ್ಟಿನ್, ಬೀಟಾ ಟ್ಯೂಬ್ಯುಲಿನ್ ಜೀನ್‌ಗಳನ್ನೂ ಓದಿಸುತ್ತಿದ್ದೇವೆ. ಅವು ಬರುವವರೆಗೆ ಜಾತಿಯ ಹೆಸರಿಲ್ಲದೆ, ಬರೀ ಕೊಲೆಟೊಟ್ರೈಕಮ್ ಎಂದಷ್ಟೇ ಬರೆದಿಟ್ಟಿದ್ದೇವೆ.