ಪಟ್ಟಿಯಿಂದ ಹೊರಗುಳಿದ ಗೋಡೆಗಳು

ನೆಲಮಾಳಿಗೆಯ ಗೋಡೆಗಳ ಕಾಂಕ್ರೀಟ್ ಲೆಕ್ಕವನ್ನು ಕಾಮಗಾರಿ ಸ್ಥಳಕ್ಕೆ ಕಳುಹಿಸಿ ಒಂದು ಗಂಟೆಯೂ ಆಗಿರಲಿಲ್ಲ. ಅಲ್ಲಿನ ಎಂಜಿನಿಯರ್ ಫೋನ್ ಮಾಡಿ, "ಲಿಫ್ಟ್ ಸುತ್ತಲಿನ ಗೋಡೆಗಳು ಇದರಲ್ಲಿ ಎಲ್ಲಿವೆ? ನನಗೆ ಕಾಣಿಸುತ್ತಿಲ್ಲ" ಎಂದರು. ಕಳುಹಿಸುವ ಮೊದಲು ಆ ಪಟ್ಟಿಯನ್ನು ಎರಡು ಸಲ ಓದಿದ್ದೆ. ಅದರಲ್ಲಿದ್ದ ಪ್ರತಿ ಸಾಲೂ ಸರಿಯಾಗಿತ್ತು. ಇಲ್ಲದ ಸಾಲುಗಳನ್ನು ಹುಡುಕಬೇಕೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಕಟ್ಟಡದ ಕಂಪ್ಯೂಟರ್ ಮಾದರಿಯಿಂದ ಆ ಪಟ್ಟಿಯನ್ನು ತೆಗೆಯಲು ನಾನು ಹಾಕಿದ್ದ ಫಿಲ್ಟರ್‌ನಲ್ಲಿ ಮೂರು ಷರತ್ತುಗಳಿದ್ದವು: ವಸ್ತು ಗೋಡೆಯಾಗಿರಬೇಕು, ಅದರ ಮಹಡಿ ನೆಲಮಾಳಿಗೆಯಾಗಿರಬೇಕು, ಅದು ಭಾರ ಹೊರುವಂಥದ್ದಾಗಿರಬೇಕು. ಓದಿದರೆ ಇದರಲ್ಲಿ ತಪ್ಪೇನೂ ಕಾಣದು. ಮಾದರಿ ಐಎಫ್‌ಸಿ ಕಡತವಾಗಿ, ಅಂದರೆ ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಸಾಮಾನ್ಯ ರೂಪದಲ್ಲಿ, ನಮ್ಮ ಕೈಗೆ ಬಂದಿತ್ತು. ಕುಳಿತು ಒಂದೊಂದಾಗಿ ಬಿಡಿಸಿ ನೋಡಿದಾಗ ಮೂರು ಷರತ್ತುಗಳೂ ಬೇರೆ ಬೇರೆ ಕಾರಣಕ್ಕೆ ಗೋಡೆಗಳನ್ನು ಕೈಬಿಟ್ಟಿದ್ದವು.

ಲಿಫ್ಟ್ ಗೋಡೆಯನ್ನು ಅಡಿಪಾಯದಿಂದ ತಾರಸಿಯವರೆಗೆ ಒಂದೇ ತುಂಡಾಗಿ ಮಾಡಲಾಗಿತ್ತು. ಐಎಫ್‌ಸಿ ರಚನೆಯಲ್ಲಿ ಒಂದು ವಸ್ತು ಎಷ್ಟೇ ಮಹಡಿಗಳನ್ನು ದಾಟಿ ನಿಂತರೂ ಅದನ್ನು ಒಂದೇ ಮಹಡಿಯ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಈ ಗೋಡೆ ಅಡಿಪಾಯದ ಮಟ್ಟಕ್ಕೆ ಸೇರಿತ್ತು, ಹಾಗಾಗಿ ನೆಲಮಾಳಿಗೆಯ ಫಿಲ್ಟರ್‌ಗೆ ಅದು ಇಲ್ಲದಂತೆಯೇ. ಇನ್ನು ಕೆಲವು ಗೋಡೆಗಳ ವರ್ಗ 'ಐಎಫ್‌ಸಿ ವಾಲ್' ಆಗಿರದೆ 'ಐಎಫ್‌ಸಿ ವಾಲ್ ಸ್ಟ್ಯಾಂಡರ್ಡ್ ಕೇಸ್' ಆಗಿತ್ತು. ಉದ್ದಕ್ಕೂ ಒಂದೇ ದಪ್ಪವಿರುವ ಗೋಡೆಗೆ ಇರುವ ಉಪವರ್ಗ ಅದು. ಉಪವರ್ಗವನ್ನೂ ಸೇರಿಸಿ ಹುಡುಕುವುದು, ಹೆಸರು ಅಕ್ಷರಶಃ ಹೊಂದಿದರೆ ಮಾತ್ರ ಎತ್ತಿಕೊಳ್ಳುವುದು, ಎರಡೂ ಬಗೆಯ ಹುಡುಕಾಟಗಳಿವೆ. ನನ್ನದು ಎರಡನೆಯದಾಗಿತ್ತು.

ಮೂರನೆಯ ಕಾರಣವೇ ನನ್ನನ್ನು ಹೆಚ್ಚು ಕಾಡಿದ್ದು. ಭಾರ ಹೊರುತ್ತದೆಯೇ ಎಂಬ ಗುಣದ ಎದುರು 'ಹೌದು' ಅಥವಾ 'ಇಲ್ಲ' ಎಂದು ಇರುತ್ತದೆ ಎಂದುಕೊಂಡಿದ್ದೆ. ಹಲವು ಗೋಡೆಗಳಲ್ಲಿ ಆ ಜಾಗ ಖಾಲಿಯಾಗಿತ್ತು. ಖಾಲಿ ಎಂದರೆ 'ಇಲ್ಲ' ಎಂದಲ್ಲ, ಯಾರೂ ಇನ್ನೂ ತುಂಬಿಲ್ಲ ಎಂದಷ್ಟೇ. 'ಹೌದು' ಇರುವುದನ್ನು ಮಾತ್ರ ತೋರಿಸು ಎಂದು ಕೇಳಿದಾಗ ತಂತ್ರಾಂಶ ಅವುಗಳನ್ನು ಸದ್ದಿಲ್ಲದೆ ಬದಿಗೆ ಸರಿಸಿತು. ಅದು ತನ್ನ ಕೆಲಸವನ್ನು ನೆಟ್ಟಗೆ ಮಾಡಿತ್ತು, ನಾನು ಕೇಳಿದ ಪ್ರಶ್ನೆಯೇ ಅರೆಬರೆಯಾಗಿತ್ತು.

ಅಂದಿನಿಂದ ಫಿಲ್ಟರ್ ಹಾಕುವ ಕ್ರಮವನ್ನೇ ಬದಲಿಸಿಕೊಂಡೆ. ಮೊದಲು ಯಾವ ಷರತ್ತೂ ಇಲ್ಲದೆ ಒಟ್ಟು ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಒಂದೊಂದೇ ಷರತ್ತು ಸೇರಿಸುತ್ತಾ, ಪ್ರತಿ ಸಲವೂ ಎಷ್ಟು ವಸ್ತುಗಳು ಉದುರಿದವು ಎಂದು ಗುರುತು ಹಾಕುತ್ತೇನೆ. ಕೊನೆಯಲ್ಲಿ ಉದುರಿದವುಗಳದ್ದೇ ಇನ್ನೊಂದು ಪಟ್ಟಿ. ಎರಡೂ ಪಟ್ಟಿಗಳನ್ನು ಕೂಡಿಸಿದರೆ ಮೊದಲ ಸಂಖ್ಯೆ ಬರಲೇಬೇಕು. ಉದುರಿದ ವಸ್ತುಗಳಿಗೆ ಮೂರು ಆಯಾಮದ ನೋಟದಲ್ಲಿ ಎದ್ದು ಕಾಣುವ ಬಣ್ಣ ಕೊಟ್ಟು ಕಟ್ಟಡವನ್ನು ಸುತ್ತಿಸಿ ನೋಡುತ್ತೇನೆ. ನೂರಾರು ಸಾಲುಗಳ ನಡುವೆ ಹುದುಗಿರುವ ಲಿಫ್ಟ್ ಗೋಡೆ ಕಣ್ಣಿಗೆ ಬೀಳದೇ ಹೋಗಬಹುದು, ಕಟ್ಟಡದ ನಟ್ಟನಡುವೆ ಕೆಂಪಗೆ ನಿಂತ ಕಂಬದಂಥ ಆಕಾರ ಮಾತ್ರ ತಪ್ಪಿಸಿಕೊಳ್ಳದು.

ಅಳತೆಗಳಲ್ಲಿ 'ಸಮ' ಎಂಬ ಷರತ್ತನ್ನು ಬಿಟ್ಟೇಬಿಟ್ಟಿದ್ದೇನೆ. ಪರದೆಯ ಮೇಲೆ 3000 ಮಿಲಿಮೀಟರ್ ಎಂದು ಕಾಣುವ ಎತ್ತರ ಒಳಗೆ 2999.7 ಇರಬಹುದು, ತೋರಿಸುವಾಗ ಅದು ಹತ್ತಿರದ ಪೂರ್ಣ ಸಂಖ್ಯೆಗೆ ದುಂಡಾಗಿರುತ್ತದೆ. ಮಾದರಿ ತಯಾರಿಸುವ ತಂತ್ರಾಂಶವಾದ ರೆವಿಟ್ ಅಂತೂ ಉದ್ದಗಳನ್ನು ಒಳಗೆ ಅಡಿಗಳಲ್ಲೇ ಇಟ್ಟುಕೊಂಡು ನಮಗೆ ಬೇಕಾದ ಮಾನಕ್ಕೆ ಬದಲಿಸಿ ತೋರಿಸುತ್ತದೆ. ಹಾಗಾಗಿ 2990ಕ್ಕಿಂತ ಹೆಚ್ಚು, 3010ಕ್ಕಿಂತ ಕಡಿಮೆ ಎಂದು ಕೇಳುತ್ತೇನೆ.

'ಮತ್ತು', 'ಅಥವಾ'ಗಳ ವಿಷಯದಲ್ಲೂ ಎಚ್ಚರ ಬೇಕು. 'ಎರಡನೆಯ ಮಹಡಿಯ ಕಂಬ ಅಥವಾ ಬೀಮ್' ಎಂದು ನಾವು ಮಾತಿನಲ್ಲಿ ಹೇಳಿದರೆ ಎರಡೂ ಎರಡನೆಯ ಮಹಡಿಯವೇ ಎಂದು ಕೇಳಿದವರಿಗೆ ಅರ್ಥವಾಗುತ್ತದೆ. ತಂತ್ರಾಂಶದಲ್ಲಿ ಷರತ್ತುಗಳನ್ನು ಗುಂಪು ಮಾಡದಿದ್ದರೆ ಎರಡನೆಯ ಮಹಡಿಯ ಕಂಬಗಳ ಜೊತೆಗೆ ಇಡೀ ಕಟ್ಟಡದ ಬೀಮ್‌ಗಳೂ ಬಂದು ಕೂರುತ್ತವೆ. ಗುಂಪು ಮಾಡಲು ಅವಕಾಶವಿಲ್ಲದ ಕಡೆ ನಾನು ಕಂಬಕ್ಕೊಂದು, ಬೀಮ್‌ಗೊಂದು ಪಟ್ಟಿ ಮಾಡಿ ಕೂಡಿಸುತ್ತೇನೆ.

ಇದೇ ತೊಂದರೆ ಕಾಮಗಾರಿಯ ವೇಳಾಪಟ್ಟಿಗೆ ಮಾದರಿಯನ್ನು ಜೋಡಿಸುವಾಗ ಇನ್ನೊಂದು ರೂಪದಲ್ಲಿ ಎದುರಾಯಿತು. ಮಾದರಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ತಂತ್ರಾಂಶವಾದ ನೇವಿಸ್‌ವರ್ಕ್ಸ್‌ನಲ್ಲಿ ವಸ್ತುಗಳ ಗುಂಪನ್ನು ಎರಡು ರೀತಿ ಉಳಿಸಿಡಬಹುದು. ಸೆಲೆಕ್ಷನ್ ಸೆಟ್ ನಾವು ಆರಿಸಿದ ವಸ್ತುಗಳನ್ನೇ ನೆನಪಿಡುತ್ತದೆ, ಸರ್ಚ್ ಸೆಟ್ ನಾವು ಕೊಟ್ಟ ಷರತ್ತನ್ನು ನೆನಪಿಡುತ್ತದೆ. ಆರಂಭದಲ್ಲಿ ನಾನು ಕಂಬಗಳನ್ನು ಕೈಯಿಂದಲೇ ಆರಿಸಿ ಕೆಲಸಗಳಿಗೆ ಜೋಡಿಸಿದ್ದೆ. ಪರಿಷ್ಕೃತ ಮಾದರಿ ಬಂದಾಗ ಅದರಲ್ಲಿ ಹೊಸದಾಗಿ ಸೇರಿದ್ದ ಕಂಬಗಳು ಯಾವ ಕೆಲಸಕ್ಕೂ ಅಂಟಿಕೊಳ್ಳದೆ ಉಳಿದವು. ಈಗ ಮಹಡಿ, ವರ್ಗ ಮತ್ತು ಕಾಂಕ್ರೀಟ್ ಸುರಿಯುವ ಹಂತದ ಸಂಕೇತ, ಈ ಮೂರನ್ನು ಹಿಡಿದು ಸರ್ಚ್ ಸೆಟ್ ಮಾಡುತ್ತೇನೆ. ಅದೇ ತಂತ್ರಾಂಶದಲ್ಲಿ ವೇಳಾಪಟ್ಟಿ ಜೋಡಿಸುವ ಭಾಗವಾದ ಟೈಮ್‌ಲೈನರ್‌ನಲ್ಲಿ ಯಾವ ಕೆಲಸಕ್ಕೂ ಸೇರದ ವಸ್ತುಗಳನ್ನೂ, ಒಂದಕ್ಕಿಂತ ಹೆಚ್ಚು ಕೆಲಸಗಳಿಗೆ ಸೇರಿದ ವಸ್ತುಗಳನ್ನೂ ಹುಡುಕುವ ಆಯ್ಕೆಗಳಿವೆ. ಹೊಸ ಮಾದರಿ ಬಂದಾಗಲೆಲ್ಲ ನಾನು ಮೊದಲು ಒತ್ತುವುದು ಅವನ್ನೇ.

ಲಿಫ್ಟ್ ಗೋಡೆಯನ್ನು ಮಾತ್ರ ಯಾವ ಫಿಲ್ಟರೂ ಸರಿಪಡಿಸುವಂತಿರಲಿಲ್ಲ. ಮಹಡಿಗೊಂದು ಸಲ ಕಾಂಕ್ರೀಟ್ ಸುರಿಯುವ ಗೋಡೆ ಮಾದರಿಯಲ್ಲೂ ಮಹಡಿಗೊಂದು ತುಂಡಾಗಿರಲಿ ಎಂದು ಅದನ್ನು ಮಾಡಿದವರನ್ನು ಕೇಳಿಕೊಂಡೆವು. ಖಾಲಿ ಗುಣಗಳನ್ನು ತುಂಬಿಕೊಡಿ ಎಂದೂ ಹೇಳಿದೆವು. ಗೋಡೆಯನ್ನು ತುಂಡರಿಸಿದಾಗ ಹೊಸ ತುಂಡುಗಳಿಗೆ ಹೊಸ ಗುರುತು ಸಂಖ್ಯೆಗಳು ಬಂದಿದ್ದವು. ಷರತ್ತಿನ ಮೇಲೆ ನಿಂತ ಪಟ್ಟಿಗೆ ಅದರಿಂದ ಏನೂ ಆಗಲಿಲ್ಲ, ತುಂಡುಗಳು ತಮ್ಮ ತಮ್ಮ ಮಹಡಿಗೆ ತಾವಾಗಿಯೇ ಬಂದು ಸೇರಿದವು. ನೆಲಮಾಳಿಗೆಯ ಲೆಕ್ಕವನ್ನು ಮತ್ತೆ ಕಳುಹಿಸುವಾಗ ಉದುರಿದ ವಸ್ತುಗಳ ಪಟ್ಟಿಯನ್ನೂ, ಪ್ರತಿಯೊಂದರ ಎದುರು ಅದು ಏಕೆ ಹೊರಗುಳಿಯಿತು ಎಂಬ ಕಾರಣವನ್ನೂ ಜೊತೆಗಿಟ್ಟೆ. ಸ್ಥಳದ ಎಂಜಿನಿಯರ್ ಮೊದಲು ತೆರೆದು ನೋಡಿದ್ದು ಆ ಪಟ್ಟಿಯನ್ನು.